ಧಾರವಾಡ ಸೀಮೆಯ ಮನೆತನಗಳ ವಂಶಾವಳಿ: ಹೆಳವರ ಹೊತ್ತಗೆ ಮತ್ತು ವತನಿನ ದಫ್ತರು

ಒಂದು ಮನೆತನದ ಹಿಂದಣ ತಲೆಮಾರುಗಳನ್ನು ಅರಸಹೊರಟವರು ಮೊದಲು ಕೈಹಾಕುವುದು ಅಡ್ಡಹೆಸರಿಗೆ. ಒಂದೇ ಅಡ್ಡಹೆಸರಿನವರೆಲ್ಲ ಒಂದೇ ಮೂಲದವರೆಂಬ ಎಣಿಕೆ ಜನರಲ್ಲಿ ಬಲವಾಗಿ ಬೇರೂರಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಮಟ್ಟಿಗೆ ಈ ಎಣಿಕೆಯನ್ನು ನಂಬಿ ನಡೆಯಲಾಗದೆಂಬುದು ನಮ್ಮ ಅಭಿಪ್ರಾಯ. ಇಲ್ಲಿ ವಂಶಾವಳಿಯನ್ನು ಕಾದುಕೊಂಡು ಬಂದುದು ಅಡ್ಡಹೆಸರಲ್ಲ. ಆ ಮನೆತನವೂ ಅಲ್ಲ. ಮನೆತನದ ಹೊರಗಿನವರಾದ ಹೆಳವರು ಅದನ್ನು ಕಾದುಕೊಂಡು ಬಂದರು.

ಅಡ್ಡಹೆಸರಿನ ಸ್ವರೂಪವನ್ನೇ ಮೊದಲು ನೋಡುವಾ. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ ಎಂಬಿವು ಅಧಿಕಾರದ ಹೆಸರುಗಳು. ಊರಿಗೊಬ್ಬ ಪಾಟೀಲನಿದ್ದ ಮೇಲೆ ಇಬ್ಬರು ಪಾಟೀಲರು ಒಂದೇ ರಕ್ತದವರೆನ್ನಲು ಆಧಾರವಿಲ್ಲ. ಬಡಿಗೇರ, ಪತ್ತಾರ, ಹೂಗಾರ ಎಂಬಿವು ಕಸಬಿನಿಂದ ಬಂದವು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬಿವುಗಳಲ್ಲಿ ಸಂತೆಯ ವಾಸನೆ ಇನ್ನೂ ಹೋಗಿಲ್ಲ. ಇವೆಲ್ಲಕ್ಕಿಂತ ವಿಚಾರಾರ್ಹವಾದವು ಊರಿನ ಹೆಸರಿನಿಂದಾದ ಅಡ್ಡಹೆಸರುಗಳು. ನವಲಗುಂದದಲ್ಲಿಯೇ ನೆಲಸಿದವನನ್ನು ಯಾರೂ ನವಲಗುಂದ ಎಂದು ಕರೆಯರು. ಆ ಊರನ್ನು ಬಿಟ್ಟು ಬೇರೆಡೆ ನಿಂತವನಿಗೆ ಆ ಹೆಸರು ಅಂಟಿಕೊಳ್ಳುತ್ತದೆ. ಎಂದರೆ ಅದು ಮೂಲದ ಗುರುತಲ್ಲ, ಊರು ಬಿಟ್ಟುದರ ಗುರುತು. ಹಿಂದುಸ್ತಾನಿ ಸಂಗೀತದಲ್ಲಿ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಚಂದ್ರ ಗಣೇಶ ಸಂಶಿಯವರ (1886–1952) ಹೆಸರನ್ನೇ ತೆಗೆದುಕೊಳ್ಳಬಹುದು. ಅವರು ಹುಟ್ಟಿದುದು ಕುಂದಗೋಳದಲ್ಲಿ. ಅವರ ಮನೆತನದ ಹೆಸರು ಅದೇ ತಾಲೂಕಿನ ಸಂಶಿ ಗ್ರಾಮದ್ದು. ಮಹಾರಾಷ್ಟ್ರದ ರಸಿಕರಿಗೆ ಅವರು ರಾಮಭಾವು ಕುಂದಗೋಳಕರರಾದರು. ಊರು ದಾಟಿದಂತೆ ಹೆಸರೂ ಹೊಸದಾಯಿತು. ಎರಡು ತಲೆಮಾರು ಕಳೆದ ಮೇಲೆ ಇಂಥ ಎರಡು ಹೆಸರುಗಳನ್ನು ಒಂದೇ ಬಳ್ಳಿಗೆ ಕಟ್ಟಬಲ್ಲವರು ಯಾರು?

ಹೆಸರಿನೊಡನೆ ಊರನ್ನೂ ಸಂಬಂಧವನ್ನೂ ಸೇರಿಸಿ ಹೇಳುವ ರೂಢಿ ಈ ನಾಡಿನಲ್ಲಿ ಹಳೆಯದು. ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಪಂಪಕವಿಯ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಬರೆಸಿದ ಶಾಸನವು ತಂದೆ ಭೀಮಪಯ್ಯನನ್ನು ಹೇಳುವುದಲ್ಲದೆ, ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳೆಂಬುದನ್ನೂ ಹೇಳುತ್ತದೆ. ತಾಯಿಯ ತವರೂರು ಅಲ್ಲಿ ವಂಶಕಥನದ ಅಂಗವಾಗಿದೆ. ಮುಂದಣ ಕಾಲದ ದಾಖಲೆಗಳಲ್ಲಿ ಈ ಉದಾರತೆ ಉಳಿಯಲಿಲ್ಲ.

ಹೆಳವರು ಊರೂರು ತಿರುಗುವ ಜನ. ಹೆಳವ ಎಂದರೆ ಕುಂಟ. ಈ ಜನರು ತಮ್ಮ ಮೂಲದ ಕಥೆಯನ್ನು ಬಸವಣ್ಣನವರೊಡನೆ ಹೊಂದಿಸಿ ಹೇಳುವುದುಂಟು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಅವರು ಬಾಗಿಲಿಗೆ ಬರುವ ಕ್ರಮವನ್ನು ಅನೇಕರು ಬಣ್ಣಿಸಿದ್ದಾರೆ. ಎಡ್ಗರ್ ಥರ್ಸ್ಟನ್ ಅವರು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಕುರಿತ ಸಂಪುಟಗಳಲ್ಲಿ ಇವರನ್ನು ಗ್ರಾಮಚರಿತ್ರೆಯನ್ನು ಕಾಪಾಡುವವರೆಂದು ಗುರುತಿಸಿ, ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನು ಕೂಡ ಇವರು ಹೇಳುವರೆಂದಿದ್ದಾರೆ. ಆದರೆ ಆ ಗ್ರಂಥವು ಅವರನ್ನು ಭಿಕ್ಷುಕರ ಸಾಲಿನಲ್ಲಿ ಕೂರಿಸಿತು. ಈ ವರ್ಗೀಕರಣವು ನಮಗೆ ಸರಿಯೆನಿಸದು. ಸುಗ್ಗಿಯ ತರುವಾಯ ಹೆಳವನು ಪಡೆಯುವ ಜೋಳ, ಬಟ್ಟೆ, ಪಾತ್ರೆ, ದುಡ್ಡು ಇವು ಬೇಡಿ ಪಡೆದವಲ್ಲ, ಬರೆದಿಟ್ಟುದಕ್ಕೆ ಸಂದ ಪ್ರತಿಫಲ. ಅದನ್ನು ಪಡೆಯುವ ಹಕ್ಕು ಅವನಿಗೆ ಪಿತ್ರಾರ್ಜಿತವಾಗಿ ಬಂದುದು. ಯಾವ ಊರಿನ ಯಾವ ಮನೆತನಗಳು ಯಾವ ಹೆಳವನಿಗೆ ಸೇರಿದವೆಂಬುದು ಅವರೊಳಗೆ ಹಂಚಿಹೋಗಿರುತ್ತದೆ. ಒಬ್ಬನ ಮನೆಗಳಿಗೆ ಮತ್ತೊಬ್ಬನು ಹೋಗುವಂತಿಲ್ಲ.

ಅವರು ಓದುವ ಕ್ರಮವು ಲಕ್ಷ್ಯದಲ್ಲಿಡತಕ್ಕದ್ದು. ಆರಂಭವಾಗುವುದು ಅಡ್ಡಹೆಸರಿನಿಂದಲ್ಲ; ಬೆಡಗಿನಿಂದ ಮತ್ತು ಮೂಲಸ್ಥಳದಿಂದ. ಇಂಥ ಬೆಡಗಿನವರು, ಇಂಥ ಊರಿನಿಂದ ಹೊರಟು, ನಡುವೆ ಇಂಥಲ್ಲಿ ನಿಂತು, ಇಲ್ಲಿಗೆ ಬಂದರು ಎಂದು ಹೇಳಿ, ಆ ಬಳಿಕ ತಲೆಮಾರುಗಳ ಹೆಸರಿಗೆ ತೊಡಗುತ್ತಾರೆ. ಅಣ್ಣತಮ್ಮಂದಿರು ಬೇರೆಯಾದಲ್ಲಿ ಕವಲು ಒಡೆಯುತ್ತದೆ. ಕವಲಿನವರು ಕಲಘಟಗಿಯ ಮಲೆಯಂಚಿನಲ್ಲಿ ಭತ್ತ ಬೆಳೆಯುತ್ತಿರಲಿ, ನವಲಗುಂದದ ಎರೆಯಲ್ಲಿ ಹತ್ತಿ ಬಿತ್ತುತ್ತಿರಲಿ, ಹೊತ್ತಗೆಯಲ್ಲಿ ಅವರು ಒಂದೇ ಬಳ್ಳಿಯವರು. ಓದಿ ಮುಗಿದ ಮೇಲೆ ಹಿಂದಣ ಭೇಟಿಯಿಂದೀಚೆಗೆ ಆದ ಜನನ, ಮದುವೆ, ಮರಣಗಳನ್ನು ಕೇಳಿ ಬರೆದುಕೊಳ್ಳುತ್ತಾರೆ. ಮೊದಲು ಬಾಯಿಪಾಠವಾಗಿದ್ದುದು ಕಾಲಾಂತರದಲ್ಲಿ ಕಾಗದದ ಹೊತ್ತಗೆಗೆ ಇಳಿಯಿತು. ಓದುವ ಧಾಟಿಯಲ್ಲಿ ಮಾತ್ರ ಬಾಯಿಪಾಠದ ಲಯ ಉಳಿದಿದೆ.

ಈ ಓದು ಕಟ್ಟೆಯ ಮೇಲೆ ನಡೆಯುವುದು ಸಣ್ಣ ಸಂಗತಿಯಲ್ಲ. ಓಣಿಯ ಹಿರಿಯರು ಕೇಳುತ್ತಿರುವಾಗ ಸುಳ್ಳು ಹೆಸರನ್ನು ಸೇರಿಸುವುದಾಗಲಿ, ಒಬ್ಬ ದಾಯಾದಿಯನ್ನು ಬಿಟ್ಟುಬಿಡುವುದಾಗಲಿ ಸುಲಭವಲ್ಲ. ಒಂದೇ ಬೆಡಗಿನೊಳಗೆ ಹೆಣ್ಣು ಕೊಟ್ಟು ತರುವುದು ನಿಷಿದ್ಧವಾದ್ದರಿಂದ, ದೂರದ ಊರಿನಲ್ಲಿ ಸಂಬಂಧ ನೋಡುವವರಿಗೆ ಹೆಳವನ ಮಾತು ಬೇಕಾಗುತ್ತಿದ್ದಿತು.

ಇದರೊಡನೆ ಸರಕಾರದ ದಫ್ತರನ್ನು ಹೋಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುವುದು. ವತನುದಾರ ಮನೆತನಗಳಿಗೆ ವಂಶಾವಳಿಯು ಉಂಬಳಿಯ ಪ್ರಶ್ನೆಯಾಗಿದ್ದಿತು. ಮುಂಬಯಿ ಸರಕಾರದ 1852ರ ಇನಾಮು ಕಾಯದೆಯ ಮೇರೆಗೆ ನಡೆದ ವಿಚಾರಣೆಗಳಲ್ಲಿ ಹಕ್ಕುದಾರರು ತಮ್ಮ ಪರಂಪರೆಯನ್ನು ಕಾಗದದ ಮೇಲೆ ಸಾಧಿಸಬೇಕಾಯಿತು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯದೆಯು ವತನು ಜಮೀನು ಸರಕಾರದ ಅಪ್ಪಣೆಯಿಲ್ಲದೆ ವತನುದಾರರ ಹೊರಗೆ ಹೋಗದಂತೆ ಮಾಡಿತು. ಹೀಗಾಗಿ ಯಾರು ಮನೆತನದವರು, ಯಾರು ಅಲ್ಲ ಎಂಬುದನ್ನು ಗುಮಾಸ್ತನ ಲೇಖನಿ ತೀರ್ಮಾನಿಸತೊಡಗಿತು. 1886ರ ತಿದ್ದುಪಡಿಯಂತೂ ವಿಧವೆಯ ಹಕ್ಕಿಗೆ ಸ್ವಲ್ಪ ಎಡೆಯಿಟ್ಟು, ಉಳಿದ ಹೆಂಗಸರ ವಾರಸುದಾರಿಕೆಯನ್ನು ವತನು ಮನೆತನದ ಅರ್ಹ ಗಂಡಸರೆಲ್ಲರ ಹಿಂದಕ್ಕೆ ತಳ್ಳಿತು. ಹೆಳವರ ಹೊತ್ತಗೆಯೂ ಮುಖ್ಯವಾಗಿ ಗಂಡುಸಂತತಿಯ ಎಳೆಯನ್ನೇ ಹಿಡಿದದ್ದು. ಆದರೆ ಅದು ಹೆಣ್ಣಿನ ಆಸ್ತಿಯನ್ನು ಕಸಿಯುವ ಶಸ್ತ್ರವಾಗಿ ಹುಟ್ಟಿದುದಲ್ಲ.

ಅಲ್ಲದೆ ದಫ್ತರಿಗೆ ಎಲ್ಲೆಯುಂಟು. ಕುಂದಗೋಳವು 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ನವಲಗುಂದವು ಮುಂಬಯಿ ಸರಕಾರದ ಧಾರವಾಡ ಜಿಲ್ಲೆಯಲ್ಲಿದ್ದಿತು. ಒಂದು ಬೆಡಗಿನ ಎರಡು ಕವಲುಗಳು ಈ ಎರಡೂ ಕಡೆ ನೆಲಸಿದ್ದರೆ ಅವುಗಳ ಕಾಗದಗಳು ಎರಡು ಸರಕಾರಗಳ ಪಾಲಾದವು. ಒಂದು ದಫ್ತರಿಗೆ ಇನ್ನೊಂದರ ಗೊಡವೆಯಿರಲಿಲ್ಲ. ಹೆಳವನ ಎತ್ತು ಮಾತ್ರ ಆ ಗಡಿಯನ್ನು ದಾಟಿ ಹೋಗುತ್ತಿದ್ದಿತು.

ದೊಡ್ಡ ಮನೆತನಗಳಲ್ಲಿ ದತ್ತಕದ ಪ್ರಶ್ನೆಯೂ ಬರುವುದು. ನವಲಗುಂದ–ಶಿರಸಂಗಿ ದೇಸಗತಿಗೆ ದತ್ತಕರಾಗಿ ಬಂದ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ, ಅವರ ಮರಣಪತ್ರದ ಪ್ರಕಾರ ಸಂಸ್ಥಾನದ ಸಂಪತ್ತು ವಿದ್ಯಾದಾನಕ್ಕೆ ಮೀಸಲಾಯಿತು. ವಾರಸುದಾರನಿಲ್ಲದಲ್ಲಿ ಒಂದು ನಿಧಿಯೇ ಮನೆತನದ ಹೆಸರನ್ನು ಹೊತ್ತ ಈ ಉದಾಹರಣೆಯು ನಮ್ಮ ಸೀಮೆಯಲ್ಲಿ ಅಪರೂಪದ್ದು.

ಪರಗಣೆ ಮತ್ತು ಕುಲಕರ್ಣಿ ವತನುಗಳು 1950ರ ಕಾಯದೆಯಿಂದಲೂ, ಉಳಿದ ಗ್ರಾಮಹುದ್ದೆಗಳು 1961ರ ಕಾಯದೆಯಿಂದಲೂ ರದ್ದಾದವು. ಈಗ ವಾರಸಾ ದಾಖಲೆಗೆ ಬೇಕಾಗುವ ವಂಶವೃಕ್ಷವು ತೀರಿಕೊಂಡ ಖಾತೆದಾರನಿಂದ ಆರಂಭವಾಗಿ ಅವನ ಮಕ್ಕಳು ಮೊಮ್ಮಕ್ಕಳಲ್ಲಿ ಮುಗಿಯುತ್ತದೆ. 1994ರ ರಾಜ್ಯದ ತಿದ್ದುಪಡಿ ಮತ್ತು 2005ರ ಕೇಂದ್ರದ ತಿದ್ದುಪಡಿಗಳ ತರುವಾಯ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಬರಲೇಬೇಕು. ಇಷ್ಟರ ಮಟ್ಟಿಗೆ ಅದು ಹಳೆಯ ಹೊತ್ತಗೆಗಿಂತ ನ್ಯಾಯವಾದುದು. ಆದರೆ ಅದು ಒಂದು ಖಾತೆಯ ವೃಕ್ಷ, ಬೆಡಗಿನ ವೃಕ್ಷವಲ್ಲ.

ಗುಜರಾತದ ವಹೀವಂಚಾ ಬಾರೋಟರ ಕುರಿತು ಎ. ಎಂ. ಶಾಹ ಮತ್ತು ಆರ್. ಜಿ. ಶ್ರಾಫ್ ಅವರು 1958ರಲ್ಲಿಯೇ ವಿಸ್ತಾರವಾಗಿ ಬರೆದರು. ಹರಿದ್ವಾರದ ಪಂಡಾಗಳ ವಹಿಗಳನ್ನು ಅಮೆರಿಕೆಯ ಯೂಟಾದ ವಂಶಾವಳಿ ಸಂಸ್ಥೆಯವರು ಮೈಕ್ರೊಫಿಲ್ಮಿನಲ್ಲಿ ಸೆರೆಹಿಡಿದರು. ಆ ವಹಿಗಳು ಯಾತ್ರಿಕನು ಬರುವವರೆಗೆ ಒಂದೆಡೆ ಕಾದಿರುತ್ತವೆ; ನಮ್ಮ ಹೆಳವರವು ತಿರುಗುವ ಹೊತ್ತಗೆಗಳಾದ್ದರಿಂದ ಚದರಿಹೋಗುವ ಭಯ ಹೆಚ್ಚು. ಹೆಳವ ಸೋದರರು ಪಾಲಾದಾಗ ಮನೆತನಗಳೂ ಹಂಚಿಹೋಗುತ್ತವೆ, ಹೊತ್ತಗೆಗಳೂ ಹಂಚಿಹೋಗುತ್ತವೆ. ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿದಲ್ಲಿ ಅವು ಪೆಟ್ಟಿಗೆಯಲ್ಲಿ ಉಳಿಯುತ್ತವೆ. ಮಕ್ಕಳು ಎತ್ತಿನ ಹಿಂದೆಯೇ ತಿರುಗಲೆಂದು ನಾವು ಬಯಸುವಂತಿಲ್ಲ. ಈಚೆಗೆ ಕೆಲವು ಮನೆತನದವರು ತಮ್ಮ ವಂಶವೃಕ್ಷವನ್ನು ಅಚ್ಚು ಹಾಕಿಸಿ ಹಂಚಿಕೊಳ್ಳುತ್ತಿರುವರು. ಇದು ಸಂತೋಷದ ವಿಷಯ. ಆದರೆ ಹಾಗೆ ಅಚ್ಚಾಗುವುದು ಸಾಮಾನ್ಯವಾಗಿ ತಮ್ಮ ಕವಲು ಮಾತ್ರ. ಊರು ಬಿಟ್ಟ ಬಡ ದಾಯಾದಿಯ ಕವಲು ಅಲ್ಲಿ ಕಾಣದು. ಆದ್ದರಿಂದ ನಕಲು ಮಾಡುವವರು ಮನೆಮನೆಯ ಪುಟಗಳನ್ನು ಬಿಡಿಸಿ ತೆಗೆಯದೆ, ಒಬ್ಬ ಹೆಳವನ ಹಕ್ಕಿಗೆ ಬಂದ ಊರುಗಳೆಲ್ಲವನ್ನೂ ಒಂದು ಘಟಕವಾಗಿ ಹಿಡಿದು, ಅವನು ಓದುವ ಕ್ರಮದಲ್ಲಿಯೇ, ಅವನ ಸಮ್ಮತಿಯಿಂದ ಮತ್ತು ತಕ್ಕ ಸಂಭಾವನೆಯನ್ನಿತ್ತು ಬರೆದುಕೊಳ್ಳತಕ್ಕದ್ದು.