ನದಿ ನಡುವೆ ಒಂದು ಊರು

ದ್ವೀಪ ಎಂದೊಡನೆ ನಮಗೆ ನೆನಪಾಗುವುದು ಸಮುದ್ರ. ಅಂಡಮಾನ್, ಲಕ್ಷದ್ವೀಪ, ಇಲ್ಲವೆ ಸಾವಿರಾರು ದ್ವೀಪಗಳಿಂದಲೇ ಆದ ಇಂಡೊನೇಷ್ಯ. ಮಳೆಗಾಗಿ ಮುಗಿಲು ನೋಡುವ ಕುಷ್ಟಗಿ, ಯಲಬುರ್ಗಾಗಳಿರುವ ಕೊಪ್ಪಳ ಜಿಲ್ಲೆಯಲ್ಲೂ ದ್ವೀಪಗಳಿವೆ ಎಂದರೆ ಹೊರಗಿನವರು ನಕ್ಕಾರು. ಆದರೆ ಇವೆ. ಗಂಗಾವತಿ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಬಂಡೆಗಲ್ಲುಗಳ ನಡುವೆ ಕವಲೊಡೆದು, ಸ್ವಲ್ಪ ದೂರ ಹರಿದು, ಮತ್ತೆ ಒಂದಾಗುತ್ತಾಳೆ. ಎರಡು ಕವಲುಗಳ ನಡುವೆ ಉಳಿದ ನೆಲಕ್ಕೆ ಈ ಭಾಗದ ಜನ ‘ಗಡ್ಡಿ’ ಎನ್ನುತ್ತಾರೆ.

ಆನೆಗೊಂದಿ ಬಳಿಯ ನವವೃಂದಾವನ ಇಂಥದೊಂದು ಗಡ್ಡಿ. ಮಾಧ್ವ ಪರಂಪರೆಯ ಒಂಬತ್ತು ಯತಿಗಳ ವೃಂದಾವನಗಳಿರುವ ಅಲ್ಲಿಗೆ ಭಕ್ತರು ಹೋಗುತ್ತಾರೆ, ಪೂಜೆ ಮುಗಿಸಿ ಮರಳುತ್ತಾರೆ. ಜನ ಮನೆ ಕಟ್ಟಿಕೊಂಡು, ಭತ್ತ ಬೆಳೆದುಕೊಂಡು ಬಾಳಿದ ಗಡ್ಡಿ ಇನ್ನೊಂದಿದೆ. ಅದು ವಿರೂಪಾಪುರಗಡ್ಡಿ. ಅಲ್ಲಿ ನಿಂತರೆ ಎದುರಿಗೇ ಹಂಪಿಯ ವಿರೂಪಾಕ್ಷ ದೇವಾಲಯದ ಗೋಪುರ. ಗೋಪುರ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ನಡುವೆ ಹೊಳೆ.

ಈ ಹೊಳೆ ದಾಟುವ ಬಗೆ ಐನೂರು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ. 1520ರ ಸುಮಾರಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ದೋಣಿಗಳನ್ನು ಕಂಡು ಬೆರಗಾಗಿದ್ದ. ಅವು ಬುಟ್ಟಿಯಂತೆ ದುಂಡಗಿದ್ದು, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ ಇರುತ್ತದೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ. ತಿರುಗುತ್ತ ತಿರುಗುತ್ತ ಸಾಗುತ್ತವೆ ಎಂದು ಆತ ಬರೆದಿಟ್ಟಿದ್ದಾನೆ. ಆತ ಕಂಡದ್ದು ನಮ್ಮ ಹರಿಗೋಲು. ಈಗ ಹೆಣಿಗೆ ಬಿದಿರಿನದು. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹುಟ್ಟು ಹಾಕುವವನ ಕೈಚಳಕ ಮಾತ್ರ ಹಳೆಯದೇ.

ರಾಯರ ಕಾಲಕ್ಕೆ ಎರಡೂ ದಡ ಒಂದೇ ರಾಜ್ಯ. ಮುಂದೆ ಹಾಗೆ ಉಳಿಯಲಿಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅಂದಿನಿಂದ ಹಂಪಿ ಮದ್ರಾಸ್ ಪ್ರಾಂತ್ಯಕ್ಕೆ, ಆನೆಗೊಂದಿ, ಗಂಗಾವತಿಗಳು ನಿಜಾಮನಿಗೆ. ದೇವರು ಒಂದು ಸರ್ಕಾರದಲ್ಲಿ, ಭಕ್ತ ಇನ್ನೊಂದು ಸರ್ಕಾರದಲ್ಲಿ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1956ರ ಏಕೀಕರಣದಲ್ಲಿ ಈಚೆ ದಡವೂ ಬಂದು ಕೂಡಿಕೊಂಡಿತು. ಗಡಿ ಹೋಯಿತು; ಹೊಳೆ ಉಳಿಯಿತು. ಇಂದಿಗೂ ಗಡ್ಡಿ ಕೊಪ್ಪಳ ಜಿಲ್ಲೆಯಲ್ಲಿದ್ದರೆ, ಎದುರಿನ ಹಂಪಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿದೆ.

ಅದೇ 1953ರ ಹೊತ್ತಿಗೆ ಹೊಸಪೇಟೆ ಬಳಿ ತುಂಗಭದ್ರಾ ಅಣೆಕಟ್ಟು ಎದ್ದು ನಿಂತಿತು. ಲಕ್ಷಾಂತರ ಎಕರೆಗೆ ನೀರುಣಿಸಿದ ಆ ಅಣೆಕಟ್ಟಿನ ಕೆಳಗೇ ಗಡ್ಡಿಗಳಿವೆ. ಅಂದಿನಿಂದ ಇಲ್ಲಿನವರು ಮಳೆಗಾಲದಲ್ಲಿ ಮುಗಿಲನ್ನಷ್ಟೇ ನೋಡಿದರೆ ಸಾಲದು, ಜಲಾಶಯದ ಗೇಟುಗಳ ಸುದ್ದಿಯನ್ನೂ ಕೇಳಿಸಿಕೊಳ್ಳಬೇಕಾಯಿತು. ಊರಲ್ಲಿ ಹನಿ ಮಳೆ ಇಲ್ಲದಿದ್ದರೂ ಮಲೆನಾಡಿನಲ್ಲಿ ಸುರಿದ ಮಳೆ ಗಡ್ಡಿಯ ದಾರಿ ಮುಚ್ಚಬಲ್ಲದು.

ಹೊಳೆಗೊಂದು ಸೇತುವೆ ಬೇಕೆಂಬುದು ಈ ದಡದ ಜನರ ಬಹುದಿನದ ಬೇಡಿಕೆ. ಅದು ಈಡೇರುವ ಕಾಲ ತೊಂಬತ್ತರ ದಶಕದಲ್ಲಿ ಬಂದಂತೆಯೇ ಇತ್ತು. ಹಂಪಿಯಿಂದ ವಿರೂಪಾಪುರಗಡ್ಡಿಗೆ ಕಾಲುಸೇತುವೆ, ತಳವಾರಘಟ್ಟದಿಂದ ಆನೆಗೊಂದಿಗೆ ವಾಹನ ಸೇತುವೆ; ಎರಡರ ಕೆಲಸವೂ ಶುರುವಾಯಿತು. ಆದರೆ ಹಂಪಿ 1986ರಲ್ಲೇ ವಿಶ್ವ ಪರಂಪರೆಯ ತಾಣವಾಗಿತ್ತು. ಸ್ಮಾರಕಗಳ ನಡುವೆ ಕಾಂಕ್ರೀಟ್ ಕಂಬಗಳೇ ಎಂದು ಆಕ್ಷೇಪವೆದ್ದು, 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕಾಲುಸೇತುವೆಯನ್ನು ಕಳಚಿ ತೆಗೆಯಲಾಯಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ನಿಂತು ಮತ್ತೆ ಆರಂಭವಾಗಿದ್ದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿದ್ದಿತು. ಸತ್ತವರು ದುಡಿಯಲು ಬಂದ ಕೂಲಿಕಾರರು. ಬಳಿಕ ಕೆಳಗಡೆ ಕಡೇಬಾಗಿಲು-ಬುಕ್ಕಸಾಗರಗಳ ನಡುವೆ ಸೇತುವೆಯಾಯಿತು. ಗಡ್ಡಿ ಮತ್ತು ಗೋಪುರದ ನಡುವೆ ಮಾತ್ರ ದೋಣಿಯೇ ಗತಿ.

ವಿಚಿತ್ರವೆಂದರೆ, ಇದೇ ಒಂಟಿತನ ಗಡ್ಡಿಗೆ ಅನ್ನವನ್ನೂ ತಂದಿತು. ಗದ್ದೆಯ ಹಸಿರು, ಬಂಡೆಗಳ ಸಾಲು, ಸದ್ದಿಲ್ಲದ ಸಂಜೆಗಳನ್ನು ಹುಡುಕಿಕೊಂಡು ವಿದೇಶಿಯರು ಬಂದರು. ಗದ್ದೆಯ ಬದುವಿನಲ್ಲಿ ಗುಡಿಸಲುಗಳೆದ್ದವು, ಗುಡಿಸಲುಗಳು ವಸತಿಗೃಹಗಳಾದವು. ಅಡುಗೆ, ಬಟ್ಟೆ ಒಗೆಯುವುದು, ದೋಣಿ, ಬಾಡಿಗೆ ಬೈಕು ಎಂದು ಸುತ್ತಲಿನ ಹುಡುಗರಿಗೆ ಕೆಲಸ ಸಿಕ್ಕಿತು. ಆದರೆ 1988ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಈ ನೆಲವೂ ಸಂರಕ್ಷಿತ ಪ್ರದೇಶ. ವ್ಯಾಪಾರ ಬೆಳೆದಂತೆ ವ್ಯಾಜ್ಯವೂ ಬೆಳೆಯಿತು.

2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ನೂರಾರು ಪ್ರವಾಸಿಗರು ಗಡ್ಡಿಯಲ್ಲಿ ಸಿಕ್ಕಿಕೊಂಡರು. ಹೆಲಿಕಾಪ್ಟರ್ ಬಂತು, ದೂರದ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಆರು ತಿಂಗಳ ನಂತರ, 2020ರ ಫೆಬ್ರುವರಿಯಲ್ಲಿ, ಗಡ್ಡಿಯ ಅನಧಿಕೃತ ಕಟ್ಟಡಗಳನ್ನು ತೆಗೆಯಬೇಕೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಕಾನೂನಿನ ಮಾತು ಸರಿ. ಹಂಪಿಯಂಥದು ಒಮ್ಮೆ ಹಾಳಾದರೆ ಮತ್ತೆ ಹುಟ್ಟದು. ಆದರೆ ಸೇತುವೆ ಇಲ್ಲದ ನೆಲದಲ್ಲಿ ಪ್ರವಾಸಿಯನ್ನೇ ನಂಬಿದ್ದ ಅಡುಗೆಯವನಿಗೆ, ಹುಟ್ಟು ಹಾಕುವವನಿಗೆ ಬೇರೆ ಯಾವ ದಾರಿ ತೋರಿಸಿದೆವು ಎಂಬ ಪ್ರಶ್ನೆಯೂ ಸರಿಯೇ.

ಗಡ್ಡಿಗಳ ಪಾಡು ತುಂಗಭದ್ರೆಗಷ್ಟೇ ಸೀಮಿತವಲ್ಲ. ಕೃಷ್ಣಾ ನದಿಯಲ್ಲಿ, ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ ಇದೆ. 2014ರ ಮಳೆಗಾಲದಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬಳು ಒಣ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ ತುಂಬಿದ ಹೊಳೆ ಈಜಿ ದಡ ಸೇರಿದಳು. ಹೆರಿಗೆಗೆ ಆಸ್ಪತ್ರೆ ಬೇಕಿತ್ತು, ದೋಣಿ ಇರಲಿಲ್ಲ. ನಾಡೆಲ್ಲ ಆಕೆಯ ಧೈರ್ಯವನ್ನು ಕೊಂಡಾಡಿತು. ಅಷ್ಟು ಧೈರ್ಯ ಮಾಡಬೇಕಾದ ಸ್ಥಿತಿಯೇ ಏಕೆ ಬಂತು ಎಂದು ಕೇಳಿದವರು ಕಡಿಮೆ.

ಗಡ್ಡಿಯವರಿಗೆ ಹೊಳೆ ಹೊಸತಲ್ಲ. ಅದರ ಸಿಟ್ಟು, ಸಮಾಧಾನ ಎರಡನ್ನೂ ಅವರು ಬಲ್ಲರು. ಅವರ ಬದುಕನ್ನು ಕಟ್ಟಿಹಾಕಿದ್ದು ನೀರಿಗಿಂತ ಹೆಚ್ಚಾಗಿ ದೂರದಲ್ಲಿ ಆಗುತ್ತ ಬಂದ ತೀರ್ಮಾನಗಳು: ಒಮ್ಮೆ ಹೈದರಾಬಾದಿನಲ್ಲಿ, ಒಮ್ಮೆ ಪ್ಯಾರಿಸ್‌ನಲ್ಲಿ, ಒಮ್ಮೆ ದಿಲ್ಲಿಯಲ್ಲಿ. ಆ ತೀರ್ಮಾನಗಳಲ್ಲಿ ಕೆಲವು ಒಳ್ಳೆಯವೇ ಇರಬಹುದು. ಆದರೆ ತೀರ್ಮಾನಿಸುವ ಮುನ್ನ ಒಮ್ಮೆ ಹರಿಗೋಲು ಹತ್ತಿ ಬಂದು, ಅಲ್ಲಿನವರ ಮಾತು ಕೇಳಿ ಹೋಗಿದ್ದರೆ ಅವು ಇನ್ನಷ್ಟು ಒಳ್ಳೆಯವಾಗುತ್ತಿದ್ದವು.