ಮೂತ್ರಪಿಂಡದ ಕ್ಯಾನ್ಸರ್ ಪರೀಕ್ಷೆಯಲ್ಲಿ ಡೀಪ್ ಲರ್ನಿಂಗ್

ಮೂತ್ರಪಿಂಡದ ಗಡ್ಡೆಯಿಂದ ತೆಗೆದ ಅಂಗಾಂಶದ ಡಿಜಿಟಲ್ ಚಿತ್ರಗಳನ್ನು ಬಹುಪದರ ನರಜಾಲಗಳಿಂದ ಓದಿಸಿ, ಕ್ಯಾನ್ಸರಿನ ಬಗೆ, ತೀವ್ರತೆ, ರೋಗಿ ಬದುಕುಳಿಯುವ ಸಾಧ್ಯತೆಗಳನ್ನು ಅಂದಾಜಿಸುವ ವಿಧಾನ. ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ರೀನಲ್ ಸೆಲ್ ಕಾರ್ಸಿನೋಮದಲ್ಲಿ ಕ್ಲಿಯರ್ ಸೆಲ್, ಪ್ಯಾಪಿಲರಿ, ಕ್ರೋಮೋಫೋಬ್ ಮುಖ್ಯ ಬಗೆಗಳು. ಸುಮಾರು ಮುಕ್ಕಾಲು ಪಾಲು ಕ್ಲಿಯರ್ ಸೆಲ್‌ನದೇ.

ತೀವ್ರತೆ ಅಳೆಯುವ ಕ್ರಮ ಕಂಪ್ಯೂಟರಿಗಿಂತ ಮೊದಲೇ ರೂಢಿಯಲ್ಲಿತ್ತು. 1982ರಲ್ಲಿ ಸೂಸನ್ ಫರ್ಮನ್ ಮತ್ತು ಸಂಗಡಿಗರು ಕೋಶಕೇಂದ್ರದ ಗಾತ್ರ, ಆಕಾರ, ಅದರೊಳಗಿನ ನ್ಯೂಕ್ಲಿಯೋಲಸ್ ನೋಡಿ ನಾಲ್ಕು ದರ್ಜೆಗಳನ್ನು ಗೊತ್ತುಮಾಡಿದರು. ಮೂರನ್ನೂ ಒಟ್ಟಿಗೆ ತೂಗಬೇಕಾದ್ದರಿಂದ ಒಂದೇ ಸ್ಲೈಡಿಗೆ ಇಬ್ಬರು ಪೆಥಾಲಜಿಸ್ಟರು ಬೇರೆ ಬೇರೆ ದರ್ಜೆ ಕೊಡುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ 2016ರ ವರ್ಗೀಕರಣ ಮೊದಲ ಮೂರು ದರ್ಜೆಗಳಿಗೆ ನ್ಯೂಕ್ಲಿಯೋಲಸ್ ಒಂದನ್ನೇ ಆಧಾರವಾಗಿಸಿತು: 400 ಪಟ್ಟು ಹಿಗ್ಗಿಸಿದಾಗ ಮಾತ್ರ ಅದು ಎದ್ದು ಕಂಡರೆ ಎರಡನೆಯ ದರ್ಜೆ, 100 ಪಟ್ಟಿನಲ್ಲೇ ಕಂಡರೆ ಮೂರನೆಯದು. ಆದರೂ ಎಷ್ಟು ಕಂಡರೆ ಎದ್ದು ಕಂಡಂತೆ ಎಂಬುದು ನೋಡುವವರ ಕಣ್ಣಿಗೇ ಉಳಿಯಿತು.

ಡೀಪ್ ಲರ್ನಿಂಗ್ 2012ರ ನಂತರ ಚಿತ್ರಗಳನ್ನು ಗುರುತಿಸುವ ಕೆಲಸದಲ್ಲಿ ಮುಂದಾಯಿತು. ಅದೇ ಹೊತ್ತಿಗೆ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಮೂತ್ರಪಿಂಡದ ಸ್ಲೈಡ್ ಚಿತ್ರಗಳನ್ನು ಜೀನ್ ಹಾಗೂ ಚಿಕಿತ್ಸೆಯ ವಿವರಗಳೊಂದಿಗೆ ಸಂಶೋಧಕರಿಗೆ ತೆರೆದಿಟ್ಟಿತು. ಒಂದು ಸ್ಲೈಡಿನ ಚಿತ್ರದಲ್ಲಿ ನೂರು ಕೋಟಿಗೂ ಹೆಚ್ಚು ಪಿಕ್ಸೆಲ್‌ಗಳಿರಬಹುದು. ಆದ್ದರಿಂದ ಅದನ್ನು ಸಾವಿರಾರು ತುಣುಕುಗಳಾಗಿ ಕತ್ತರಿಸಿ ನರಜಾಲಕ್ಕೆ ಕೊಡಲಾಗುತ್ತದೆ. 2019ರಲ್ಲಿ ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ತಂಡ ಅಟ್ಲಾಸ್‌ನ ಸಂಗ್ರಹ ಬಳಸಿ ಮೂರು ಬಗೆಗಳನ್ನು ಶೇ. 94ರಷ್ಟು ನಿಖರವಾಗಿ ಬೇರ್ಪಡಿಸಿತು; ಗಡ್ಡೆಯ ಆಕಾರ ಮತ್ತು ಕೋಶಕೇಂದ್ರಗಳ ಲಕ್ಷಣಗಳಿಂದ ಬದುಕುಳಿಯುವ ಸಾಧ್ಯತೆಯನ್ನೂ ಅಂದಾಜಿಸಿತು.

ಕ್ಯಾನ್ಸರ್ ಇರುವ ಜಾಗವನ್ನು ತಜ್ಞರು ಸ್ಲೈಡಿನ ಮೇಲೆ ಗುರುತುಹಾಕಿ ಕೊಡುವುದು ಈ ಕೆಲಸದ ಅತಿ ದುಬಾರಿ ಭಾಗ. 2021ರಲ್ಲಿ ಬಾಸ್ಟನ್ನಿನ ಫೈಸಲ್ ಮಹಮೂದ್ ಅವರ ತಂಡ ಪ್ರಕಟಿಸಿದ ಕ್ಲ್ಯಾಮ್ ವಿಧಾನಕ್ಕೆ ಇಡೀ ಸ್ಲೈಡಿಗೆ ರೋಗದ ಬಗೆ ಹೇಳುವ ಒಂದೇ ಹಣೆಪಟ್ಟಿ ಸಾಕು. ಯಾವ ತುಣುಕಿಗೆ ಎಷ್ಟು ತೂಕ ಎಂಬುದನ್ನು ಜಾಲವೇ ಕಲಿತು ನಕ್ಷೆಯಾಗಿ ತೋರಿಸುವುದರಿಂದ, ಅದು ಗಡ್ಡೆಯನ್ನೇ ನೋಡಿದೆಯೇ ಎಂದು ಪೆಥಾಲಜಿಸ್ಟ್ ಪರಿಶೀಲಿಸಬಹುದು. ವೈದ್ಯಕೀಯವಾಗಿ ಇದು ನಿಖರತೆಯ ಅಂಕಿಗಿಂತ ದೊಡ್ಡ ಲಾಭ. ಅದೇ ವರ್ಷ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ತಂಡ ಬಯಾಪ್ಸಿ ಸ್ಲೈಡುಗಳಲ್ಲಿ ಆಂಕೋಸೈಟೋಮವನ್ನೂ ಗುರುತಿಸುವ ಜಾಲ ರೂಪಿಸಿತು. ಕ್ರೋಮೋಫೋಬ್‌ನಂತೆಯೇ ಕಾಣುವ ಈ ಗಡ್ಡೆ ಅಪಾಯಕಾರಿಯಲ್ಲ. ಸರಿಯಾಗಿ ಗುರುತಿಸಿದರೆ ಮೂತ್ರಪಿಂಡ ಉಳಿಯಬಹುದು.

ಈ ಜಾಲಗಳಿಗೆ ಒಂದು ತೊಡಕೂ ಇದೆ: ಸ್ಲೈಡಿಗೆ ಹಾಕುವ ಹಿಮಟಾಕ್ಸಿಲಿನ್, ಇಯೋಸಿನ್ ಬಣ್ಣಗಳ ಗಾಢತೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುತ್ತದೆ. ಅಟ್ಲಾಸ್‌ನ ಚಿತ್ರ ಯಾವ ಆಸ್ಪತ್ರೆಯದೆಂಬುದನ್ನೂ ನರಜಾಲ ಕಂಡುಹಿಡಿಯಬಲ್ಲದೆಂದು 2021ರ ಅಧ್ಯಯನವೊಂದು ತೋರಿಸಿತು. ರೋಗದ ಬದಲು ಆಸ್ಪತ್ರೆಯ ಗುರುತನ್ನೇ ಕಲಿತು ಉತ್ತರ ಕೊಡುವ ಅಪಾಯ ಇದರಿಂದ ಬಯಲಾಯಿತು. ಹಾಗಾಗಿ ತರಬೇತಿಗೆ ಬಳಸದ ಬೇರೆ ಆಸ್ಪತ್ರೆಗಳ ಸ್ಲೈಡುಗಳ ಮೇಲಿನ ಪರೀಕ್ಷೆ ಅನಿವಾರ್ಯ. 2024ರಲ್ಲಿ ಬಂದ ಯುನಿ (UNI) ಎಂಬಂಥ ಮಾದರಿಗಳು ಹಲವು ಅಂಗಗಳ ಲಕ್ಷಕ್ಕೂ ಹೆಚ್ಚು ಸ್ಲೈಡುಗಳಿಂದ ಹಣೆಪಟ್ಟಿಯಿಲ್ಲದೆಯೇ ಕಲಿತಿವೆ. ಮೂತ್ರಪಿಂಡದ ಗಡ್ಡೆಗಳ ವರ್ಗೀಕರಣಕ್ಕೆ ಅವನ್ನು ಕಡಿಮೆ ಸ್ಲೈಡುಗಳಿಂದಲೇ ಹೊಂದಿಸಿಕೊಳ್ಳಬಹುದು.