‘ಅಮ್ಮ’ನ ಮರೆಯಲ್ಲಿ ಉಳಿದ ದಡಾರ: ದೊಡ್ಡೇರಿ ಸೀಮೆಯಿಂದ ಒಂದು ನೋಟ

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯ ಕಡೆ ‘ದಡಾರ’ ಎಂಬುದು ಆಸ್ಪತ್ರೆ ಗೋಡೆಯ ಮೇಲಿನ ಮಾತು. ಮಗುವಿಗೆ ಜ್ವರ ಬಂದು, ಕಣ್ಣು ಕೆಂಪಾಗಿ, ಮೈತುಂಬ ದದ್ದು ಎದ್ದರೆ ಹಿರಿಯರು ಅನ್ನುವುದು ‘ಅಮ್ಮ ಆಗಿದೆ’ ಎಂದೇ. ಬಿಡಿಸಿ ಕೇಳಿದರೆ ‘ಗೊಬ್ಬರ’ ಎಂದಾರು. ಸಿಡುಬು, ಸೀತಾಳೆ, ಗೊಬ್ಬರ ಮೂರಕ್ಕೂ ತಾಯಿ ಒಬ್ಬಳೇ. ಮಧುಗಿರಿಯ ದಂಡಿನ ಮಾರಮ್ಮನಿಗೋ ಊರ ಮಾರಮ್ಮನಿಗೋ ಹರಕೆ ಕಟ್ಟಿಕೊಂಡರೆ ಆಯಿತು. ಈ ಒಂದೇ ಹೆಸರಿನ ಮರೆಯಲ್ಲಿ ದಡಾರ ‘ಸಣ್ಣ ಕಾಯಿಲೆ’ ಎನಿಸಿಕೊಂಡು ಉಳಿಯಿತು ಎಂಬುದೇ ಈ ಲೇಖನದ ವಾದ.

ಹತ್ತನೆಯ ಶತಮಾನದ ಆರಂಭದಲ್ಲಿ ಪರ್ಷಿಯಾದ ವೈದ್ಯ ಅಲ್ ರಾಝಿ ಸಿಡುಬನ್ನೂ ದಡಾರವನ್ನೂ ಬೇರ್ಪಡಿಸಿ ಗ್ರಂಥ ಬರೆದ. ಇವೆರಡರಲ್ಲಿ ಹೆಚ್ಚು ಅಂಜಬೇಕಾದದ್ದು ದಡಾರಕ್ಕೆ ಎಂದು ಅವನ ಅಭಿಪ್ರಾಯ. ನಮ್ಮಲ್ಲಿ ಆದದ್ದು ತಿರುವುಮುರುವು. ಸಿಡುಬು ಮುಖದ ಮೇಲೆ ಕಲೆ ಬಿಟ್ಟು ಹೋಗುತ್ತಿತ್ತು, ಕಣ್ಣು ಕಿತ್ತುಕೊಳ್ಳುತ್ತಿತ್ತು. ಆ ಗುರುತು ಜೀವಮಾನವಿಡೀ ಊರ ಕಣ್ಣಿಗೆ ಬೀಳುತ್ತಿತ್ತು. ದಡಾರದ ದದ್ದು ವಾರದೊಳಗೆ ಮಾಸುತ್ತದೆ. ಆಮೇಲೆ ಮಗು ನ್ಯುಮೋನಿಯಾದಿಂದಲೋ ಭೇದಿಯಿಂದಲೋ ಸತ್ತರೆ, ದಾಖಲೆಗೆ ಹತ್ತುವುದು ಆ ಹೆಸರು. ಹಿಂದೆ ಬಂದ ರೋಗಗಳ ವಿರುದ್ಧ ದೇಹ ಗಳಿಸಿಕೊಂಡ ರಕ್ಷಣೆಯ ನೆನಪನ್ನೇ ದಡಾರ ಅಳಿಸುತ್ತದೆ ಎಂಬುದು ಖಚಿತವಾದದ್ದು ಕಳೆದ ಒಂದು ದಶಕದಲ್ಲಷ್ಟೇ. ಹೀಗಾಗಿ ಹಳೆಯ ಮರಣದ ಪುಸ್ತಕಗಳನ್ನು ಮಾತ್ರ ನಂಬಿ ಈ ರೋಗದ ಚರಿತ್ರೆ ಬರೆಯಹೊರಟವರು ಮೋಸಹೋಗುತ್ತಾರೆ.

ಲಸಿಕೆಯ ವಿಷಯದಲ್ಲೂ ಸಿಡುಬಿನದೇ ಮುಂದಾಳತ್ವ. ಮೈಸೂರು ಅರಮನೆಯ ರಾಣಿಯರನ್ನು ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಚಿತ್ರ ದಾಕು ಹಾಕಿಸಿಕೊಳ್ಳಲು ಜನರನ್ನು ಒಲಿಸುವುದಕ್ಕಾಗಿಯೇ ಎಂದು ಓದುವ ಇತಿಹಾಸಕಾರರಿದ್ದಾರೆ. ದಡಾರಕ್ಕೆ ಸೂಜಿ ಬರಲು ಇನ್ನೂ ಒಂದೂವರೆ ಶತಮಾನ ಹಿಡಿಯಿತು. 1954ರಲ್ಲಿ ಬಾಸ್ಟನ್‌ನ ಶಾಲಾಬಾಲಕನೊಬ್ಬನ ರಕ್ತದಿಂದ ವಿಜ್ಞಾನಿಗಳಾದ ಎಂಡರ್ಸ್ ಮತ್ತು ಪೀಬಲ್ಸ್ ದಡಾರದ ವೈರಾಣುವನ್ನು ಬೇರ್ಪಡಿಸಿದರು. 1963ರಲ್ಲಿ ಲಸಿಕೆಗೆ ಅನುಮತಿ ಸಿಕ್ಕಿತು. ಅದಕ್ಕೆ ಮುಂಚೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ಇದರಿಂದ ಸಾಯುತ್ತಿದ್ದರೆಂದು ಅಂದಾಜು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಇದನ್ನು ಸೇರಿಸಿಕೊಂಡದ್ದು 1985ರಲ್ಲಿ, ಅಂದರೆ ಸಿಡುಬು ದೇಶ ಬಿಟ್ಟು ಹತ್ತು ವರ್ಷವಾದ ಮೇಲೆ.

ಮನೆಯ ಪಥ್ಯವನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಒಳಗೆ ಒಗ್ಗರಣೆ ಇಲ್ಲ, ಬಾಡು ಇಲ್ಲ. ಕೊನೆಗೆ ಬೇವು ಅರಿಶಿನದ ನೀರು ಹುಯ್ದು, ಮೊಸರನ್ನದ ಎಡೆ ಇಟ್ಟು ಅಮ್ಮನನ್ನು ಕಳಿಸಿಕೊಡುವುದು. ರೋಗಿಯನ್ನು ಬೇರೆ ಇಡಬೇಕೆಂಬ ತಿಳಿವಳಿಕೆ ಇದರಲ್ಲಿದೆ. ತೊಡಕೆಂದರೆ ದಡಾರ ಹರಡಲು ಶುರುವಾಗುವುದು ದದ್ದು ಏಳುವ ನಾಲ್ಕು ದಿನ ಮೊದಲೇ. ಕೆಮ್ಮಿದ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆ ಕಾದಿರಬಲ್ಲದು. ಬೇವು ಬಾಗಿಲಿಗೆ ಬರುವಷ್ಟರಲ್ಲಿ ಅಂಗನವಾಡಿಯ ಜೊತೆಗಾರರಿಗೆ ಅಂಟಿರುತ್ತದೆ. ಮೊದಲೇ ಸೊರಗಿದ ಮಗುವಿನ ಊಟ ಕಡಿಮೆ ಮಾಡುವುದಂತೂ ಅಪಾಯ; ಅದಕ್ಕೆ ಬೇಕಾದದ್ದು ಹೆಚ್ಚು ಊಟ, ಜೊತೆಗೆ ಎ ಜೀವಸತ್ವ.

ಲಸಿಕೆಗೂ ತನ್ನದೇ ಮಡಿ ಉಂಟು. ಒಣಪುಡಿಯ ಸೀಸೆಗೆ ನೀರು ಬೆರೆಸಿದ ಮೇಲೆ ನಾಲ್ಕು ಗಂಟೆ ಮಾತ್ರ ಆಯುಸ್ಸು. ಬಿಸಿಲೂ ಬೆಳಕೂ ತಾಗಬಾರದು. ಉಪಕೇಂದ್ರಕ್ಕೆ ಐಸ್ ಡಬ್ಬಿ ಬಂದ ದಿನ ತಾಯಿ ಕೂಲಿಗೆ ಹೋಗಿದ್ದರೆ ಆ ಸರದಿ ತಪ್ಪಿತು. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುವ ಮಧುಗಿರಿ, ಪಾವಗಡದ ಸಂಸಾರಗಳಲ್ಲಿ, ಕುರಿ ಹಿಂದೆ ಊರೂರು ಅಲೆಯುವ ಶಿರಾ ಕಡೆಯ ಮಂದಿಯಲ್ಲಿ ತಪ್ಪುವ ಸಂಭವ ಹೆಚ್ಚು. ಹಾಗೆ ತಪ್ಪುವುದು ಬಹುತೇಕ ಎರಡನೆಯ ಸೂಜಿ. ನೂರಕ್ಕೆ 95 ಮಕ್ಕಳಿಗೆ ಎರಡೂ ಸೂಜಿ ಬೀಳದಿದ್ದರೆ ಈ ರೋಗದ ಸರಪಳಿ ಕಡಿಯುವುದಿಲ್ಲ.

2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಬೆಂಗಳೂರಿನಲ್ಲೇ ಆರಂಭವಾಗಿ, 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗಾಗಿ ಕರ್ನಾಟಕದ ಶಾಲೆಗಳಿಗೆ ಬಂತು. ವಾಟ್ಸಾಪ್ ವದಂತಿಗಳೂ ಜೊತೆಗೇ ಬಂದವು. ದಡಾರ ಮುಗಿಸಲು ದೇಶ ಇಟ್ಟುಕೊಂಡ ಗಡುವು ಮೊದಲು 2020 ಆಗಿತ್ತು, ಆಮೇಲೆ 2023 ಆಯಿತು, ಈಗ 2026. ಮಗುವಿನ ತಾಯಿ ಕಾರ್ಡ್ ಕೈಗೆ ಸಿಕ್ಕಾಗ ಎರಡನೆಯ ಸೂಜಿಯ ಸಾಲನ್ನು, ಅಂದರೆ 16ರಿಂದ 24 ತಿಂಗಳ ಸಾಲನ್ನು, ಒಮ್ಮೆ ನೋಡಿ.